ಏಜೆಂಟ್ ಸಂಸ್ಥೆ ಬದಲಿಸುವಾಗ: ಒಂದು ಟ್ರೀ, ನಾಲ್ಕು ಪ್ರಶ್ನೆ

ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲಿ ಒಂದು ನೋಡ್ ಅನ್ನು ಕಿತ್ತು ಇನ್ನೊಂದು ಪೇರೆಂಟ್ ಕೆಳಗೆ ಹಾಕೋದು ನಮಗೆ ಒಂದೆರಡು ಸಾಲಿನ ಕೆಲಸ. ಪಾಯಿಂಟರ್ ಬದಲಿಸಿದರೆ ಮುಗೀತು. ಅಮೆರಿಕದ ವಿಮಾ ಏಜೆಂಟ್ ಒಬ್ಬರು ಇದೇ ಕೆಲಸಕ್ಕೆ ಎಷ್ಟೋ ಸಲ ಆರು ತಿಂಗಳು ಕಾಯಬೇಕಾಗುತ್ತೆ. ಯಾಕೆ ಅಂತ ನೋಡೋಣ. ಪ್ಲೇಸ್‌ಮೆಂಟ್‌ಗೆ ತಯಾರಾಗುತ್ತಿರುವ ನಮಗೂ ಇದರಲ್ಲಿ ಕಲಿಯೋದಿದೆ.

ಟ್ರೀ ಹೇಗಿದೆ?

ನಮ್ಮಲ್ಲಿ ಎಲ್‌ಐಸಿ ಏಜೆಂಟ್ ಮೇಲೆ ಡೆವಲಪ್‌ಮೆಂಟ್ ಆಫೀಸರ್ ಇರ್ತಾರೆ, ಅವರು ಎಲ್‌ಐಸಿಯ ನೌಕರರೇ. ಅಮೆರಿಕದಲ್ಲಿ ಸ್ವತಂತ್ರ ಏಜೆಂಟರು ಹಲವು ಕಂಪನಿಗಳ ಪಾಲಿಸಿ ಮಾರಬಹುದು. ಲೈಸೆನ್ಸ್ ಕೊಡೋದು ಆಯಾ ರಾಜ್ಯ ಸರ್ಕಾರ. ಆದರೆ ಕಂಪನಿಗೂ ಏಜೆಂಟರಿಗೂ ನಡುವೆ ಸಾಮಾನ್ಯವಾಗಿ ಒಂದು ಮಾರ್ಕೆಟಿಂಗ್ ಸಂಸ್ಥೆ ಇರುತ್ತೆ. ಇದನ್ನು ಐಎಂಒ ಅಥವಾ ಎಫ್‌ಎಂಒ ಅಂತಾರೆ. ತರಬೇತಿ, ಸಾಫ್ಟ್‌ವೇರ್, ಗ್ರಾಹಕರ ವಿಳಾಸಪಟ್ಟಿ (ಇದಕ್ಕೆ ‘ಲೀಡ್’ ಅನ್ನೋ ಹೆಸರು), ಕಂಪನಿಗಳ ಜೊತೆ ಒಪ್ಪಂದ, ಇವೆಲ್ಲ ಕೊಡೋದು ಆ ಸಂಸ್ಥೆ.

ಅದಕ್ಕೆ ದುಡ್ಡು ಎಲ್ಲಿಂದ? ಲೆಕ್ಕಕ್ಕೆ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ವರ್ಷದ ಪ್ರೀಮಿಯಂ 1,000 ಡಾಲರ್. ಕಂಪನಿ ಸಂಸ್ಥೆಗೆ ಕೊಡುವ ಮೊದಲ ವರ್ಷದ ಕಮಿಷನ್ 130%. ಏಜೆಂಟರ ಮಟ್ಟ 90%. ಏಜೆಂಟರಿಗೆ 900 ಡಾಲರ್ ಬಂತು, ಉಳಿದ 400 ಮೇಲಿನವರಿಗೆ. ಈ ಮೇಲಿನ ಪಾಲಿಗೆ ‘ಓವರ್‌ರೈಡ್’ ಅಂತ ಹೆಸರು. ಏಜೆಂಟ್ ಬಿಟ್ಟು ಹೋದರೆ ಅವರ ಮುಂದಿನ ಪಾಲಿಸಿಗಳ ಓವರ್‌ರೈಡೂ ಹೋಗುತ್ತೆ. ಬಿಡೋಕೆ ಸಂಸ್ಥೆಗೆ ಮನಸ್ಸಿಲ್ಲದಿರೋದು ಇದೇ ಕಾರಣಕ್ಕೆ.

110% ಅಂದ ತಕ್ಷಣ ಹೋಗಬೇಕಾ?

ಇನ್ನೊಂದು ಸಂಸ್ಥೆ 110% ಕೊಡ್ತೀವಿ ಅಂತ ಕರೆಯುತ್ತೆ ಅನ್ನಿ. 20 ಪಾಲಿಸಿಗೆ 18,000 ಬದಲು 22,000 ಡಾಲರ್. ಆದರೆ ಹಳೆಯ ಕಡೆ ಲೀಡ್ ಉಚಿತವಾಗಿತ್ತು, ಹೊಸ ಕಡೆ ಕೊಳ್ಳಬೇಕು. ಮಾರಾಟವಾದ ಒಂದೊಂದು ಪಾಲಿಸಿಗೆ 300 ಡಾಲರ್ ಖರ್ಚು ಬಿದ್ದರೆ ಕೈಗುಳಿಯೋದು 16,000. ಪರ್ಸೆಂಟೇಜ್ ಏರಿತು, ಆದಾಯ ಇಳಿಯಿತು!

ಹಿರಿಯ ನಾಗರಿಕರ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳಲ್ಲಂತೂ ಏಜೆಂಟರ ಕಮಿಷನ್‌ಗೆ ಕೇಂದ್ರ ಸರ್ಕಾರವೇ ಗರಿಷ್ಠ ಮಿತಿ ಹಾಕಿದೆ. ಅಲ್ಲಿ ಸಂಸ್ಥೆಗಳನ್ನು ಹೋಲಿಸಬೇಕಾದರೆ ಅವು ಕೊಡುವ ಸೇವೆಯನ್ನೇ ನೋಡಬೇಕು.

ಸಹಿಗೆ ಮುಂಚೆ ನಾಲ್ಕು ಪ್ರಶ್ನೆ

1. ರಿಲೀಸ್ ಕೊಡ್ತೀರಾ? ಅದೇ ವಿಮಾ ಕಂಪನಿಯನ್ನು ಹೊಸ ಸಂಸ್ಥೆಯ ಮೂಲಕ ಮಾರಬೇಕಾದರೆ ಹಳೆಯ ಸಂಸ್ಥೆಯ ಬಿಡುಗಡೆ ಪತ್ರ ಬೇಕಾಗುತ್ತೆ. ಸಿಗದಿದ್ದರೆ ಅನೇಕ ಕಂಪನಿಗಳಲ್ಲಿ ಸುಮಾರು ಆರು ತಿಂಗಳು ಹೊಸ ವ್ಯಾಪಾರ ನಿಲ್ಲಿಸಿ ಕಾಯಬೇಕು. ಬಾಯಿಮಾತು ಸಾಲದು, ಬರವಣಿಗೆಯಲ್ಲಿ ಇರಬೇಕು.

2. ನವೀಕರಣ ಕಮಿಷನ್ ಯಾರದ್ದು? ಬಿಟ್ಟು ಹೋದ ಮೇಲೂ ಹಳೆಯ ಪಾಲಿಸಿಗಳ ದುಡ್ಡು ಬರ್ತಾ ಇರೋದಕ್ಕೆ ‘ವೆಸ್ಟಿಂಗ್’ ಅಂತಾರೆ. ಮೊದಲ ದಿನದಿಂದಲೇ ಇದೆಯಾ, ಕೆಲವು ವರ್ಷ ಕಳೆದ ಮೇಲಾ?

3. ಲೀಡ್ ಯಾರ ಸ್ವತ್ತು? ಉಚಿತವಾಗಿ ಕೊಟ್ಟ ಪಟ್ಟಿಯನ್ನು ಹೋಗುವಾಗ ವಾಪಸ್ ಕೇಳಬಹುದು. ಆ ಗ್ರಾಹಕರನ್ನು ಮತ್ತೆ ಸಂಪರ್ಕಿಸಬಾರದು ಅನ್ನೋ ಷರತ್ತೂ ಇರಬಹುದು.

4. ಸಾಲ ಎಷ್ಟಿದೆ? ಕಮಿಷನ್ ಎಷ್ಟೋ ಸಲ ಮುಂಗಡವಾಗಿ ಬರುತ್ತೆ. ಮೇಲಿನ 900 ಡಾಲರ್‌ನಲ್ಲಿ ಒಂಬತ್ತು ತಿಂಗಳ ಮುಂಗಡ ಅಂದ್ರೆ 675. ಗ್ರಾಹಕ ಮೂರು ತಿಂಗಳಿಗೇ ಪ್ರೀಮಿಯಂ ನಿಲ್ಲಿಸಿದರೆ ಗಳಿಸಿದ್ದು 225 ಮಾತ್ರ, 450 ವಾಪಸ್ ಕಟ್ಟಬೇಕು. ಇದು ‘ಚಾರ್ಜ್‌ಬ್ಯಾಕ್’. ಇಂಥ ಬಾಕಿಗಳನ್ನು ದಾಖಲಿಸುವ ವೆಕ್ಟರ್ ಒನ್ ಅನ್ನೋ ಡೇಟಾಬೇಸ್ ಇದೆ. ಹೊಸ ಕಂಪನಿಗಳು ಅದನ್ನು ನೋಡುತ್ತವೆ, ಹಾಗಾಗಿ ಸಂಸ್ಥೆ ಬದಲಿಸಿದರೂ ಸಾಲ ಬೆನ್ನು ಬಿಡೋದಿಲ್ಲ.

ಗ್ರಾಹಕರ ಗತಿ?

ಪಾಲಿಸಿ ಇರೋದು ಗ್ರಾಹಕ ಮತ್ತು ವಿಮಾ ಕಂಪನಿ ನಡುವೆ. ಏಜೆಂಟ್ ಯಾವ ಸಂಸ್ಥೆಗೆ ಹೋದರೂ ಅದು ಹಾಗೇ ಮುಂದುವರಿಯುತ್ತೆ. ಅಪಾಯ ಬೇರೆ ಕಡೆ ಇದೆ. ಹೊಸ ಸಂಸ್ಥೆಗೆ ಹೋದ ಏಜೆಂಟರಿಗೆ ಹಳೆಯ ಗ್ರಾಹಕರ ಪಾಲಿಸಿ ರದ್ದು ಮಾಡಿಸಿ ಹೊಸದು ಮಾರುವ ಆಸೆ ಹುಟ್ಟಬಹುದು, ಯಾಕಂದ್ರೆ ಮೊದಲ ವರ್ಷದ ದೊಡ್ಡ ಕಮಿಷನ್ ಮತ್ತೆ ಸಿಗುತ್ತೆ. ಜೀವವಿಮೆಯಲ್ಲಿ ಇದರ ಪೆಟ್ಟು ಬೀಳೋದು ಗ್ರಾಹಕರಿಗೆ. ವಯಸ್ಸು ಹೆಚ್ಚಾಗಿರೋದರಿಂದ ಪ್ರೀಮಿಯಂ ಏರಬಹುದು. ಅರ್ಜಿಯಲ್ಲಿನ ಮಾಹಿತಿಯನ್ನು ಕಂಪನಿ ಪ್ರಶ್ನಿಸಬಹುದಾದ ಸಾಮಾನ್ಯವಾಗಿ ಎರಡು ವರ್ಷದ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತೆ. ಆ ಅವಧಿಯಲ್ಲಿ ಸಾವು ಸಂಭವಿಸಿದರೆ, ಹಳೆಯ ಪಾಲಿಸಿಯಲ್ಲಿ ತಕರಾರಿಲ್ಲದೆ ಸಿಗುತ್ತಿದ್ದ ಹಣಕ್ಕೆ ಕುಟುಂಬ ತನಿಖೆ ಎದುರಿಸಬೇಕಾಗಬಹುದು. ಆದ್ದರಿಂದಲೇ ಹೀಗೆ ಪಾಲಿಸಿ ಬದಲಿಸುವಾಗ ಗ್ರಾಹಕರಿಗೆ ಲಿಖಿತ ಸೂಚನೆ ಕೊಡಬೇಕೆಂಬ ನಿಯಮಗಳು ಅಲ್ಲಿನ ರಾಜ್ಯಗಳಲ್ಲಿವೆ.

ಹಾಗಾದರೆ ಒಳ್ಳೆಯ ಸಂಸ್ಥೆಯನ್ನು ಗುರುತಿಸೋದು ಹೇಗೆ? ಬಿಟ್ಟು ಹೋಗುವವರನ್ನು ಅದು ಹೇಗೆ ನಡೆಸಿಕೊಳ್ಳುತ್ತೆ ಅಂತ ನೋಡಿ. ರಿಲೀಸ್ ಷರತ್ತನ್ನು ಮೊದಲೇ ಬರೆದು ಕೊಡುವ ಸಂಸ್ಥೆಗೆ ತನ್ನ ಸೇವೆಯ ಮೇಲೆ ಭರವಸೆ ಇದೆ ಅಂತ ಅರ್ಥ.

ಗೆಳೆಯರೇ, ನಾಳೆ ನಮ್ಮ ಕೈಗೂ ಆಫರ್ ಲೆಟರ್ ಬರುತ್ತೆ. ಎಲ್ಲರ ಕಣ್ಣು ಮೊದಲು ಹೋಗೋದು ಸಿಟಿಸಿ ಮೇಲೇ. ಅದನ್ನು ನೋಡಿ ಖುಷಿಪಡೋಣ, ತಪ್ಪೇನಿಲ್ಲ. ಆಮೇಲೆ ಬಾಂಡ್, ನೋಟಿಸ್ ಪೀರಿಯಡ್, ಜಾಯ್ನಿಂಗ್ ಬೋನಸ್ ವಾಪಸಾತಿಯ ಷರತ್ತು ಇರುವ ಪುಟಗಳನ್ನೂ ಓದೋಣ. ಅರ್ಥವಾಗದಿದ್ದರೆ ಸಹಿ ಹಾಕುವ ಮುಂಚೆಯೇ ಕೇಳೋಣ.