ದಫ್ತರ ಒಪ್ಪಿಸಿದ ಮೇಲೆ

ಮನುಷ್ಯನು ಒಂದು ವಯಸ್ಸಿನಿಂದ ಇನ್ನೊಂದಕ್ಕೆ ದಾಟುವ ಹೊಸ್ತಿಲುಗಳನ್ನು ಗುರುತಿಸುವುದರಲ್ಲಿ ಲೋಕವು ಎಂದೂ ಹಿಂದೆ ಬಿದ್ದಿಲ್ಲ. ಮೈ ಸುಕ್ಕುಗಟ್ಟಿ, ತಲೆ ನರೆತು, ಮಗನ ಮಗನನ್ನು ಕಂಡ ಗೃಹಸ್ಥನು ಅರಣ್ಯವನ್ನು ಆಶ್ರಯಿಸತಕ್ಕದ್ದೆಂದು ಮನುಸ್ಮೃತಿಯು ವಿಧಿಸಿತು. ನನ್ನ ಕಾಲದ ಸರ್ಕಾರವಾದರೋ 58 ತುಂಬಿದ ತಿಂಗಳ ಕಡೆಯ ದಿನ ಹಾರ ಹಾಕಿ ಬೀಳ್ಕೊಡುತ್ತಿದ್ದಿತು. ಈ ಲಕ್ಷಣಗಳೆಲ್ಲವೂ ಹೊರಗಿನವು. ಒಳಗಿನವನು ಆ ಹೊತ್ತಿಗೆ ಎಷ್ಟು ಬೆಳೆದಿದ್ದಾನೆಂಬುದನ್ನು ಯಾವ ಶಾಸ್ತ್ರವೂ ಯಾವ ಇಲಾಖೆಯೂ ವಿಚಾರಿಸುವುದಿಲ್ಲ. ಅದನ್ನು ವಿಚಾರಿಸುವ ಬಗೆಯನ್ನು ನಾನು ಕಲಿತುದು ನಮ್ಮ ತಂದೆಯವರನ್ನು ನೋಡಿ.

ಅವರು ಹಳೆಯ ಮೈಸೂರು ಸೀಮೆಯ ಒಂದು ಗ್ರಾಮದ ಶಾನುಭೋಗರು. ವಂಶಪಾರಂಪರ್ಯವಾಗಿ ಬಂದ ಆ ಹುದ್ದೆಯೇ ಊರಿನಲ್ಲಿ ಅವರ ಹೆಸರೂ ಆಗಿದ್ದಿತು. ಸ್ವಂತ ಹೆಸರು ಹಿಡಿದು ಕರೆಯುತ್ತಿದ್ದವರು ನಮ್ಮ ಅಜ್ಜಿಯೊಬ್ಬರೇ. ಗ್ರಾಮ ಹುದ್ದೆಗಳನ್ನು ರದ್ದುಗೊಳಿಸುವ 1961ರ ಶಾಸನವು 1963ರ ಫೆಬ್ರವರಿ 1ರಂದು ಜಾರಿಗೆ ಬಂದುದರಿಂದ ಶಾನುಭೋಗಿಕೆ, ಪಟೇಲಿಕೆಗಳೆಲ್ಲ ಒಂದೇ ಏಟಿಗೆ ಹೋದುವು. ಅದು ನ್ಯಾಯವಾದ ಶಾಸನ; ಹುಟ್ಟಿನ ಬಲದಿಂದ ಅಧಿಕಾರ ಬರಬಾರದು. ಆದರೆ ನಡುವಯಸ್ಸಿನ ಮನುಷ್ಯನೊಬ್ಬನಿಂದ ಅವನ ಹೊರಗಿನ ಆಕಾರವನ್ನು ಕಾನೂನು ಕಳಚಿಕೊಂಡಾಗ ಉಳಿಯುವುದೇನೆಂಬುದನ್ನು ಹತ್ತಿರದಿಂದ ನೋಡುವ ಸಂದರ್ಭವು ಬಾಲಕನಾಗಿದ್ದ ನನಗೆ ಒದಗಿತು.

ದಫ್ತರವನ್ನು ಒಪ್ಪಿಸುವ ಹಿಂದಿನ ರಾತ್ರಿ ಅವರು ಲಾಂದ್ರದ ಬೆಳಕಿನಲ್ಲಿ ಕುಳಿತು, ಹರಿದ ಪುಟಗಳಿಗೆ ಅಂಟು ಹಚ್ಚಿ, ಮಸುಕಾಗಿದ್ದ ಸರ್ವೆ ನಂಬರುಗಳನ್ನು ಬೇರೊಂದು ಹಾಳೆಯಲ್ಲಿ ದುಂಡಗೆ ಬರೆದು ಒಳಗಿಟ್ಟರು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಮಾಡಿದ್ದಕ್ಕೆ ಯಾರೂ ಮೆಚ್ಚುವಂತಿರಲಿಲ್ಲ. ಮುಂದೆಯೂ ರೈತರು ಸಂಜೆ ಜಗಲಿಗೆ ಬಂದು, “ಶಾನುಭೋಗ್ರೇ, ನಮ್ಮ ಬಾಂದುಕಲ್ಲು ಎಲ್ಲಿಗೆ ಬರ್ತದೆ ಸ್ವಾಮಿ?” ಎಂದು ಕೇಳಿದರೆ, “ನಾನೀಗ ಶಾನುಭೋಗನಲ್ಲಪ್ಪ, ಅದನ್ನು ಲೆಕ್ಕಿಗರು ಹೇಳಬೇಕು. ಅರ್ಜಿ ಬೇಕಾದರೆ ಬರೆದುಕೊಡ್ತೀನಿ” ಎನ್ನುತ್ತಿದ್ದರು. ನೆರೆಯೂರಿನ ಪಟೇಲರೊಬ್ಬರು ಮಾತ್ರ ಬಹುಕಾಲ ರುಮಾಲು ಸುತ್ತಿ ಚಾವಡಿಯಲ್ಲಿ ಕುಳಿತು ನಮಸ್ಕಾರಗಳಿಗಾಗಿ ಕಾಯುತ್ತಿದ್ದರಂತೆ. ತಂದೆಯವರಿಗೆ ಹುದ್ದೆ ಹೋದ ಮೇಲೆ ಅಂತರಂಗವೆಂಬುದು ಹೊಸದಾಗಿ ಹುಟ್ಟಲಿಲ್ಲ. ಲೆಕ್ಕ ಬರೆಯುವ ಕೈಯಲ್ಲಿಯೇ ಅದು ಮೊದಲಿನಿಂದಲೂ ಬೆಳೆಯುತ್ತ ಬಂದಿದ್ದಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ನರು 1950ರಲ್ಲಿ, ತಮಗಿನ್ನೂ ಐವತ್ತು ತುಂಬದಿದ್ದಾಗ, ಶೈಶವದಿಂದ ವಾರ್ಧಕ್ಯದವರೆಗಿನ ಬಾಳನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದರು. ಏಳನೆಯದರಲ್ಲಿ ಮುಂದಿನ ಪೀಳಿಗೆಯ ಪೋಷಣೆ, ತಪ್ಪಿದರೆ ಜಡತೆ. ಎಂಟನೆಯದರಲ್ಲಿ ಬಾಳಿದ ಬಾಳನ್ನು ತನ್ನದೆಂದು ಒಪ್ಪಿಕೊಳ್ಳುವ ಸಮಗ್ರತೆ, ತಪ್ಪಿದರೆ ಹತಾಶೆ. ನಡುಹರೆಯದಲ್ಲಿ ಕುಳಿತು ಮುಪ್ಪಿನ ನಕ್ಷೆಯನ್ನು ಬರೆಯುವುದು ಸುಲಭ. ಅವರು 1994ರಲ್ಲಿ ತೀರಿಕೊಂಡ ಬಳಿಕ, ತೊಂಬತ್ತು ದಾಟಿದ್ದ ಪತ್ನಿ ಜೋನ್ ಎರಿಕ್‌ಸನ್ನರು, ಪತಿಯ ಗ್ರಂಥವೊಂದರ 1997ರ ವಿಸ್ತೃತ ಆವೃತ್ತಿಗೆ ಒಂಬತ್ತನೆಯ ಘಟ್ಟವೊಂದನ್ನು ಸೇರಿಸಿದರು. ಅತಿವೃದ್ಧಾಪ್ಯದಲ್ಲಿ ಹಿಂದಿನ ಘಟ್ಟಗಳ ಕಲಹಗಳೆಲ್ಲ ಮರಳಿ ಬರುತ್ತವೆ. ಹಸುಳೆಯು ಎದುರಿಸಿದ್ದ ನಂಬಿಕೆ–ಅಪನಂಬಿಕೆಗಳ ಪ್ರಶ್ನೆಯೂ ಮತ್ತೆ ಎದುರಾಗುತ್ತದೆ, ಏಕೆಂದರೆ ಈಗ ಸ್ವಂತ ದೇಹವನ್ನೇ ನಂಬುವಂತಿಲ್ಲ ಎಂಬುದು ಆ ವೃದ್ಧೆಯ ಕಾಣ್ಕೆ.

ಇದನ್ನು ನಾನು ಬಚ್ಚಲುಮನೆಯಲ್ಲಿ ಕಂಡಿದ್ದೇನೆ. ಜಮಾಬಂದಿಯ ದಿನ ಅಮಲ್ದಾರರ ಎದುರಿಗೂ ಅಳುಕದಿದ್ದ ತಂದೆಯವರು, ಕಡೆಯ ವರ್ಷಗಳಲ್ಲಿ ಒದ್ದೆ ಕಲ್ಲಿನ ಮೇಲೆ ಕಾಲಿಡುವಾಗ ನನ್ನ ಮಣಿಕಟ್ಟನ್ನು ಉಗುರೂರುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು. “ನಿಧಾನ ಕಣೋ, ಕಾಲು ನನ್ನ ಮಾತು ಕೇಳಲ್ಲ” ಎಂದು ಅವರು ಹೇಳುತ್ತಿದ್ದುದರಲ್ಲಿ ದೈನ್ಯವಿರಲಿಲ್ಲ, ವರದಿಯಿದ್ದಿತು. ಕೊಡುವುದಕ್ಕಿಂತ ಪಡೆಯುವುದಕ್ಕೆ ಹೆಚ್ಚಿನ ಅಂತರಂಗಬಲ ಬೇಕೆಂದು ನನಗೆ ತೋರಿದುದು ಅಲ್ಲಿ.

ನಿವೃತ್ತರಾದ ಮಿತ್ರರು ಇನ್ನು ಮೇಲೆ ಅಂತರ್ಮುಖರಾಗುವೆವೆಂದು ಸಂಕಲ್ಪ ಮಾಡಿದಾಗ ನಾನು ಸುಮ್ಮನಿರುತ್ತೇನೆ. ಹೊರಗಿನ ಬಾಗಿಲನ್ನು ಮುಚ್ಚಿದ ಮಾತ್ರಕ್ಕೆ ಒಳಗೆ ದೀಪ ಹತ್ತಿಕೊಳ್ಳುವುದೆಂಬ ನಂಬಿಕೆ ನನಗಿಲ್ಲ. ಪಿಂಚಣಿದಾರನು ತಾನು ಬದುಕಿರುವುದಾಗಿ ವರ್ಷಕ್ಕೊಮ್ಮೆ ಪ್ರಮಾಣಪತ್ರ ಸಲ್ಲಿಸಬೇಕಷ್ಟೆ. ಆ ದಿನಗಳಲ್ಲಿ ನಾನು ಬ್ಯಾಂಕಿನ ಬೆಂಚಿನ ಮೇಲೆ ಕುಳಿತು, ಕಣ್ಣು ಕಾಣದವರ ಅರ್ಜಿಗಳನ್ನು ತುಂಬಿಕೊಡುತ್ತೇನೆ. ಸವೆದ ಬೆರಳುಗಳ ಗುರುತನ್ನು ಯಂತ್ರವು ಹಲವು ಸಲ ಹಿಡಿಯದು. ನನ್ನದನ್ನೂ ಹಿಡಿಯದಿದ್ದಾಗ, ಪಕ್ಕದ ಹುಡುಗಿಯೊಬ್ಬಳು ನನ್ನ ಹೆಬ್ಬೆರಳನ್ನು ಒರೆಸಿ, ತಾನೇ ಒತ್ತಿ ಹಿಡಿಯುತ್ತಾಳೆ. ನಾನು ಬೇಡವೆನ್ನುವುದಿಲ್ಲ.