ಹಸುಗೂಸಿನ ಕಿವಿ ಪರೀಕ್ಷೆ



ಒಟ್ಲಿನಲ್ಲಿ ವಯಸ್ಸು ಮೀರಿದ ಪೈರನ್ನು ನಾಟಿ ಮಾಡಿದರೆ ತೆಂಡೆ ಸರಿಯಾಗಿ ಒಡೆಯದು. ಮಗುವಿನ ಮಾತಿಗೂ ಹೀಗೆಯೇ ಒಂದು ಹದವುಂಟು. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಅಳುತ್ತದೆ, ನಗುತ್ತದೆ. ತಟ್ಟೆ ಬಡಿದು ನೋಡಿದರೆ ಕೊರತೆ ಖಚಿತವಾಗದು. ಎರಡು ವರ್ಷಕ್ಕೂ ಮಾತು ಬಾರದೆ ಗಾಬರಿಯಾಗುವ ಹೊತ್ತಿಗೆ ಹದ ಮೀರಿರುತ್ತದೆ.

ಪರೀಕ್ಷೆ ಸುಲಭ. ಮಲಗಿರುವ ಕೂಸಿನ ಕಿವಿಗೆ ಮೆತ್ತನೆಯ ಸಣ್ಣ ಬಿರಡೆ ಇಟ್ಟು ಯಂತ್ರದಿಂದ ನೋಡುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಈ ಲೆಕ್ಕ ನೆನಪಿಡಿ:

1 ತಿಂಗಳೊಳಗೆ ಮೊದಲ ಪರೀಕ್ಷೆ.
3 ತಿಂಗಳೊಳಗೆ, ಸಂಶಯವಿದ್ದರೆ, ಪೂರ್ಣ ತಪಾಸಣೆ.
6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ.

ಇಂಗ್ಲೆಂಡಿನಲ್ಲಿ 2006ರ ಹೊತ್ತಿಗೆ ಈ ಪರೀಕ್ಷೆ ದೇಶಕ್ಕೆಲ್ಲ ಹರಡಿತು. ಕೇರಳದ ಕೊಚ್ಚಿಯಲ್ಲಿ 2003ರಲ್ಲಿಯೇ ಯಂತ್ರವನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಒಯ್ಯುವ ಏರ್ಪಾಡು ಆರಂಭವಾಯಿತು. ನಮ್ಮಲ್ಲಿ ಹೆರಿಗೆಯಾಗುವ ಎಲ್ಲ ಕಡೆಯೂ ಯಂತ್ರವಿಲ್ಲ. ಆದರೆ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಮಂಡ್ಯದಿಂದ ಸುಮಾರು 45 ಕಿಲೋಮೀಟರು. ಮದ್ದೂರಿನವರಿಗೆ ಇನ್ನು 20 ಹೆಚ್ಚು. ಮಳವಳ್ಳಿಯವರಿಗೆ ಬನ್ನೂರು ಮಾರ್ಗ.

ನೀವು ಮಾಡಬೇಕಾದುದು ಇಷ್ಟು. ಆಸ್ಪತ್ರೆಯಿಂದ ಹೊರಡುವ ಮುನ್ನ "ಕಿವಿ ಪರೀಕ್ಷೆ ಆಯಿತೇ?" ಎಂದು ಕೇಳಿ, ತಾಯಿ ಕಾರ್ಡಿನಲ್ಲಿ ಬರೆಸಿರಿ. ಆಗಿರದಿದ್ದರೆ ಎಲ್ಲಿಗೆ ಹೋಗಬೇಕೆಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಹೆಣ್ಣುಮಗಳು ತವರಿನಲ್ಲಿದ್ದಾಳೆ, ಬಾಣಂತನ ಮುಗಿಯಲಿ ಎಂದು ಕಾಯಬೇಡಿರಿ. ಸೋದರಮಾವನಂಥ ಹತ್ತಿರದ ಸಂಬಂಧದ ಮದುವೆ, ಕಡಿಮೆ ತೂಕ, ತೀವ್ರ ಕಾಮಾಲೆ ಇದ್ದಲ್ಲಿ ಇನ್ನೂ ಎಚ್ಚರ ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡಿಗೂ ಉಚಿತ ನೆರವುಂಟು.

ಒಂದು ದಿನದ ಕೆಲಸ ಬಿಟ್ಟರೆ ಮುಂದೆ ಮಾಡಬಹುದು. ಮಗುವಿನ ಮಾತಿನ ಹದ ಮತ್ತೆ ಬಾರದು.