ಹಿಮದ ನೀರು, ಮಳೆಯ ನೀರು: ಜತ್ತದಿಂದ ಒಂದು ಅವಲೋಕನ

‘ಜಲಭದ್ರತೆ’ ಎಂಬುದು ಪರಿಸರ ಕುರಿತ ಬರೆಹಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪದ. ಕುಡಿಯಲು, ಬೆಳೆಗೆ, ದನಕರುಗಳಿಗೆ ಬೇಕಾದಷ್ಟು ನೀರು ಬೇಕಾದ ಕಾಲದಲ್ಲಿ ದೊರೆಯುವುದೆಂಬ ಭರವಸೆಯೇ ಅದರ ಅರ್ಥ. ನದಿಯೊಂದು ಎರಡು ನಾಡುಗಳಿಗೆ ಸೇರಿದ್ದರೆ ಈ ಭರವಸೆಯು ಮಳೆಯನ್ನಷ್ಟೇ ಅಲ್ಲ, ಒಪ್ಪಂದವನ್ನೂ ಅವಲಂಬಿಸುತ್ತದೆ. ಇದನ್ನು ಹಿಮಾಲಯದಲ್ಲಿಯೂ ನಮ್ಮ ಜತ್ತ ತಾಲ್ಲೂಕಿನಲ್ಲಿಯೂ ಕಾಣಬಹುದು.

ಸಿಂಧೂ: ನದಿಗಳ ಹಂಚಿಕೆ

ಹಿಮನದಿಯೆಂದರೆ ಹರಿಯುವ ನೀರಲ್ಲ. ವರ್ಷವರ್ಷವೂ ಬಿದ್ದ ಹಿಮ ಒತ್ತಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ಮೆಲ್ಲನೆ ಜಾರುವ ಮಂಜುಗಡ್ಡೆಯ ರಾಶಿ. ಬೇಸಿಗೆಯಲ್ಲಿ ಅದು ಕರಗಿ ಸಿಂಧೂವಿನಂತಹ ನದಿಗಳಿಗೆ ನೀರುಣಿಸುತ್ತದೆ. ಭೂಮಿಯ ತಾಪ ಏರಿದಂತೆ ಮೊದಮೊದಲು ಈ ನೀರು ಹೆಚ್ಚುತ್ತದೆ. ರಾಶಿ ಕುಗ್ಗಿದ ಮೇಲೆ ಇಳಿಯುತ್ತದೆ. 1960ರ ಸಿಂಧೂ ಜಲ ಒಪ್ಪಂದವು ರಾವಿ, ಬಿಯಾಸ್, ಸಟ್ಲೆಜ್‌ಗಳನ್ನು ಭಾರತಕ್ಕೂ ಸಿಂಧೂ, ಝೇಲಂ, ಚಿನಾಬ್‌ಗಳನ್ನು ಮುಖ್ಯವಾಗಿ ಪಾಕಿಸ್ತಾನಕ್ಕೂ ವಹಿಸಿತು. ಹಿಮ ಕರಗಿ ನೀರಿನ ಮೊತ್ತವೇ ಬದಲಾದರೆ ಏನು ಮಾಡಬೇಕೆಂಬ ವಿಚಾರ ಅದರಲ್ಲಿಲ್ಲ. 2025ರ ಏಪ್ರಿಲ್‌ನಲ್ಲಿ ಭಾರತವು ಆ ಒಪ್ಪಂದವನ್ನು ಅಮಾನತಿನಲ್ಲಿರಿಸಿತು.

ಕೃಷ್ಣೆ: ಪ್ರಮಾಣದ ಹಂಚಿಕೆ

ಕೃಷ್ಣೆಗೆ ಹಿಮದ ಆಸರೆಯಿಲ್ಲ. ಮಹಾಬಳೇಶ್ವರದ ಬಳಿ ಹುಟ್ಟುವ ಆಕೆಗೆ ಮುಂಗಾರೇ ಮೂಲ. ಹಿಮನದಿಯು ಮಾಡುವ ಕೂಡಿಡುವ ಕಾರ್ಯವನ್ನು ಇಲ್ಲಿ ಕೊಯ್ನಾ, ಆಲಮಟ್ಟಿಯಂತಹ ಜಲಾಶಯಗಳು ಮಾಡಬೇಕು. ಬಚಾವತ್ ನ್ಯಾಯಮಂಡಳಿಯು 78 ವರ್ಷಗಳ ಹರಿವಿನ ದಾಖಲೆಯನ್ನು ಪರಿಶೀಲಿಸಿ, ನೂರರಲ್ಲಿ 75 ವರ್ಷ ದೊರೆಯಬಹುದಾದ ನೀರು 2060 ಟಿಎಂಸಿ ಎಂದು ಲೆಕ್ಕ ಹಾಕಿತು. (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.) 1973ರ ತೀರ್ಪಿನಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿಎಂಸಿ ದೊರೆಯಿತು. ಸಿಂಧೂ ಕಣಿವೆಯಲ್ಲಿ ನದಿಗಳನ್ನೇ ಹಂಚಿದರು. ಇಲ್ಲಿ ಪ್ರಮಾಣವನ್ನು ಹಂಚಿದರು. ಎರಡಕ್ಕೂ ಆಧಾರವೊಂದೇ: ಹಿಂದೆ ಹರಿದಂತೆ ಮುಂದೆಯೂ ಹರಿದೀತೆಂಬ ನಂಬಿಕೆ. ಹವಾಮಾನ ಬದಲಾಗುತ್ತಿರುವಾಗ ಅಲುಗಾಡುತ್ತಿರುವುದು ಈ ನಂಬಿಕೆಯೇ.

ಜತ್ತ: ಪಾಲಿದೆ, ನೀರಿಲ್ಲ

ಜತ್ತವು ಸಹ್ಯಾದ್ರಿಯ ಮಳೆನೆರಳಿನ ನಾಡು. ಡೋಣಿ ನದಿ ಇಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಗೆ ಇಳಿಯುತ್ತದೆ; ಆದರೆ ಕೃಷ್ಣೆಯ ನೀರು ಇಲ್ಲಿಗೆ ಏರಿಯೇ ಬರಬೇಕು. ಮಿರಜ ತಾಲ್ಲೂಕಿನ ಮ್ಹೈಸಾಳದಿಂದ ಹಂತಹಂತವಾಗಿ ನೀರೆತ್ತುವ ಯೋಜನೆಯು ತಾಲ್ಲೂಕಿನ ಪೂರ್ವಭಾಗದ ಕನ್ನಡ ಹಳ್ಳಿಗಳನ್ನು ಬಹುಕಾಲ ಮುಟ್ಟಲಿಲ್ಲ. ಗಡಿಯಾಚೆಗೆ ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿದೆ. 2022ರ ಕೊನೆಯಲ್ಲಿ ಅದರ ನೀರು ಗಡಿ ದಾಟಿ ಬಂದಾಗ ಎರಡೂ ರಾಜ್ಯಗಳಲ್ಲಿ ಬಿಸಿ ಚರ್ಚೆಯಾಯಿತು. ಬೇಸಿಗೆಯಲ್ಲಿ ಮಹಾರಾಷ್ಟ್ರವು ಕೃಷ್ಣೆಗೆ ನೀರು ಬಿಡುವುದು, ಪ್ರತಿಯಾಗಿ ಕರ್ನಾಟಕವು ಜತ್ತಕ್ಕೆ ನೀರು ಕೊಡುವುದು ಎಂಬ ವಿನಿಮಯದ ಸಲಹೆಯೂ ಮಾತುಕತೆಗಳಲ್ಲಿ ಬಂದಿದೆ.

ರಾಜ್ಯದ ಪಾಲು ಕಾಗದದ ಮೇಲೆ ಭದ್ರವಾಗಿದ್ದರೂ ಹಳ್ಳಿಯ ಕೊಡ ಬರಿದಾಗಿರಬಹುದೆಂಬುದು ಜತ್ತ ಕಲಿಸುವ ಪಾಠ. ನೀರು ಎಷ್ಟು ಎಂಬುದರೊಡನೆ ಯಾವಾಗ, ಯಾವ ಎತ್ತರಕ್ಕೆ, ಯಾರ ಖರ್ಚಿನಲ್ಲಿ ಎಂಬುದನ್ನೂ ಒಪ್ಪಂದ ಹೇಳಬೇಕು. ಕಡಿಮೆ ನೀರಿನ ವರ್ಷದ ಕಷ್ಟವನ್ನು ಹಂಚಿಕೊಳ್ಳುವ ಬಗೆಯನ್ನೂ ಮೊದಲೇ ಬರೆದಿಡಬೇಕು.

ಅಭ್ಯಾಸಕ್ಕೆ

1. ನದಿಯ ಹಂಚಿಕೆಗೂ ಪ್ರಮಾಣದ ಹಂಚಿಕೆಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
2. ಒಡ್ಡು, ಹಳ್ಳ, ಬಾಂದಾರ ಮೊದಲಾದ ನೀರಿನ ಪದಗಳನ್ನು ನಿಮ್ಮೂರ ಹಿರಿಯರಿಂದ ಸಂಗ್ರಹಿಸಿರಿ. ಅವುಗಳಲ್ಲಿ ಮರಾಠಿಯೊಡನೆ ಹಂಚಿಕೊಂಡವುಗಳನ್ನು ಗುರುತಿಸಿರಿ.